ಮರೀನಾನಾ, ಮೂರಿಂಗಾ? ಹಾಯಿದೋಣಿಯಲ್ಲೇ ಬದುಕುವವರಿಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಾಯಿದೋಣಿಯೇ ಮನೆ ಅಂತ ತೀರ್ಮಾನಿಸಿದವರಿಗೆ ದೊಡ್ಡ ತಲೆನೋವು ದೋಣಿ ಕಟ್ಟುವ ಜಾಗ.

ಮರೀನಾ ಅಂದರೆ ದೋಣಿಗಳನ್ನು ಕಟ್ಟೆಗೆ ಕಟ್ಟಿ ನಿಲ್ಲಿಸುವ ಪುಟ್ಟ ಬಂದರು. ಅಲ್ಲಿ ನಲ್ಲಿ ನೀರು, ಕರೆಂಟು, ಬಿಸಿನೀರ ಸ್ನಾನ ಎಲ್ಲ ಪಕ್ಕದಲ್ಲೇ. ಬಾಡಿಗೆ ಮಾತ್ರ ದೋಣಿಯ ಉದ್ದದ ಲೆಕ್ಕದಲ್ಲಿ, ಮೀಟರಿಗೆ ಇಷ್ಟು ಅಂತ. ಎಷ್ಟೋ ಕಡೆ ಕಾಯಂ ವಾಸಕ್ಕೆ ಬಿಡುವುದೇ ಇಲ್ಲ. ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಸ್ವಿಂಗ್ ಮೂರಿಂಗ್ ಬೇರೆಯೇ ಬದುಕು. ಸಮುದ್ರದ ತಳದಲ್ಲಿ ಭಾರದ ಕಾಂಕ್ರೀಟ್, ಅದಕ್ಕೆ ಚೈನು, ಮೇಲೆ ತೇಲುವ ದೊಡ್ಡ ಚೆಂಡು; ದೋಣಿ ಕಟ್ಟುವುದು ಇದಕ್ಕೇ, ದಡದಿಂದ ದೂರದಲ್ಲಿ. ಗಾಳಿ, ಉಬ್ಬರ ಎಳೆದ ಕಡೆಗೆ ದೋಣಿ ತಿರುಗುತ್ತೆ. ಖರ್ಚು ತುಂಬಾ ಕಡಿಮೆ. ಆದರೆ ಅರ್ಧ ಲೀಟರ್ ಹಾಲಿಗೂ ಮಳೆಯಲ್ಲಿ ಪುಟ್ಟ ದೋಣಿಗೆ ಹುಟ್ಟು ಹಾಕಬೇಕು. ನೀರು ಕ್ಯಾನಿನಲ್ಲಿ, ಕರೆಂಟು ಸೋಲಾರಿನಿಂದ. ಡಿಸೆಂಬರಿನಲ್ಲಿ ಹಗಲೇ ಸುಮಾರು 8 ಗಂಟೆ, ಅದರಲ್ಲೂ ಮೋಡ! ಚೈನಿನ ಕೊಂಡಿಗಳು ಸವೆಯುತ್ತವೆ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ.

ಲಂಗರು ಹಾಕಿದರೆ ಪುಕ್ಕಟೆ ಅಲ್ವಾ ಅಂತೀರಾ? ಕೆಲವು ಬಂದರುಗಳು ಅದಕ್ಕೂ ದುಡ್ಡು ಕೇಳುತ್ತವೆ. ಉಬ್ಬರದ ಹೊತ್ತಿನ ನೀರಿನ ಆಳದ 4 ಪಟ್ಟಾದರೂ ಚೈನು ಬಿಡಬೇಕು, ಗಾಳಿ ಎದ್ದರೆ ಇನ್ನೂ ಜಾಸ್ತಿ. ಕಾಯಂ ವಿಳಾಸಕ್ಕೆ ಇದು ಆಗದ ಮಾತು.

ನನ್ನನ್ನು ಕೇಳಿದರೆ, ಬೇಸಿಗೆಗೆ ಮೂರಿಂಗ್, ಚಳಿಗಾಲಕ್ಕೆ ಮರೀನಾ. ಚಿಕ್ಕ ಮಕ್ಕಳಿದ್ದರೆ ವರ್ಷಪೂರ್ತಿ ಮರೀನಾನೇ.