ಕರಗುವ ಹಿಮದಲ್ಲಿ ಮೈಕ್ರೋಸ್ಪೈಕ್ಸೋ, ದಕ್ಕೆಯ ಗಂಬೂಟೋ?

ಏಪ್ರಿಲ್ ಎರಡನೆಯ ವಾರದಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟಾಗ ಕಾಲಿಗೆ ಏನು ಹಾಕಬೇಕೆಂಬ ವಿಷಯದಲ್ಲಿ ನನಗೂ ಭಾವನವರಿಗೂ ಒಮ್ಮತವಿರಲಿಲ್ಲ. ನಾನು ಚಾರಣದ ಬೂಟಿನ ಮೇಲೆ ಎಳೆದು ಸಿಕ್ಕಿಸುವ, ಸರಪಳಿಗೆ ಉಕ್ಕಿನ ಮುಳ್ಳುಗಳಿರುವ ಮೈಕ್ರೋಸ್ಪೈಕ್ಸನ್ನು ನಂಬಿದ್ದೆ. ಭಾವ ಮಾತ್ರ ಮಂಗಳೂರಿನ ದಕ್ಕೆಯಲ್ಲಿ ಮೀನು ಇಳಿಸುವವರು ಹಾಕುವಂಥ ಗಂಬೂಟನ್ನು ಬಂದರಿನ ಅಂಗಡಿಯಲ್ಲಿ ಕೊಂಡು, ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಯವರೆಗೂ ಸೀಟಿನಡಿ ಇಟ್ಟುಕೊಂಡು ಬಂದಿದ್ದರು. ಇಬ್ಬರ ಪಾದದ ಅಳತೆಯೂ ಒಂದೇ ಆದುದರಿಂದ ಅದಲುಬದಲು ಮಾಡಿ ನೋಡುವುದು ಸಾಧ್ಯವಾಯಿತು.

ನಡುಚಳಿಗಾಲದ ಹಿಮ ಹೊತ್ತಿನಿಂದ ಹೊತ್ತಿಗೆ ಅಷ್ಟಾಗಿ ಬದಲಾಗುವುದಿಲ್ಲ. ಏಪ್ರಿಲಿನದು ಹಾಗಲ್ಲ: ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ಆಕಾಶ ತಿಳಿಯಾಗಿರುವ ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿ, ಮರುದಿನ ಮತ್ತೆ ಗಂಜಿಯಾಗುತ್ತದೆ. ಮಲ್ಪೆಯ ಕಡಲ ಕರೆಯಲ್ಲಿ ಒದ್ದೆ ಮರಳೇ ಗಟ್ಟಿ, ಒಣ ಮರಳಿನಲ್ಲಿ ಕಾಲು ಹುಗಿಯುತ್ತದೆ. ಇಲ್ಲಿ ಆ ಲೆಕ್ಕ ತಿರುಗುಮುರುಗು.

ಸುಮಾರು 3,800 ಮೀಟರ್ ಎತ್ತರದ ಶಿಖರಕ್ಕೆ ಬೆಳಗಿನ ಜಾವ ಮೂರಕ್ಕೆ ಹೊರಟಾಗ ಸ್ಪೈಕ್ಸಿಗೆ ಎದುರೇ ಇರಲಿಲ್ಲ. ಅಡಿಕೆ ಮರ ಹತ್ತುವವರಿಗೆ ಪಾದಗಳಿಗೆ ಸಿಕ್ಕಿಸುವ ಬಳೆಯಂಥ ತಳೆ ಕೊಡುವ ಭರವಸೆಯನ್ನು ಅದು ಪ್ರತಿ ಹೆಜ್ಜೆಗೂ ಕೊಟ್ಟಿತು. ಗಂಬೂಟು ತೊಟ್ಟ ಭಾವನ ಪಾಡು ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲು ಇಳಿಯುವವರಂತಾಗಿತ್ತು. ಎರಡು ಕಡೆ ಮಾರ್ಗದರ್ಶಿ ಕೈ ಹಿಡಿದೇ ದಾಟಿಸಬೇಕಾಯಿತು. ಗಂಬೂಟಿನ ಮೇಲೆಯೇ ಸ್ಪೈಕ್ಸ್ ಸಿಕ್ಕಿಸಿಯೂ ನೋಡಿದೆವು. ಮೆದುವಾದ ಅಡಿ ಮಡಚಿಕೊಂಡು ಸರಪಳಿ ಪಕ್ಕಕ್ಕೆ ಸರಿಯಿತು.

ಸ್ವರ್ಗಾರೋಹಿಣಿ ಪರ್ವತವನ್ನು ಕಣ್ತುಂಬ ನೋಡಿ ಇಳಿಯತೊಡಗಿದ ಮೇಲೆ, ಹತ್ತು ಗಂಟೆ ದಾಟುವಷ್ಟರಲ್ಲಿ, ನನ್ನ ಜಂಬವೂ ಕರಗಿತು. ಒದ್ದೆ ಹಿಮ ಮುಳ್ಳುಗಳ ನಡುವೆ ಮೆತ್ತಿಕೊಂಡು ಉಂಡೆ ಕಟ್ಟಿ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟಂತಾಗಿ, ಹತ್ತು ಹೆಜ್ಜೆಗೊಮ್ಮೆ ಕೋಲಿನಿಂದ ಬಡಿದು ಬೀಳಿಸಬೇಕಾಗುತ್ತಿತ್ತು. ಬರಿ ಬಂಡೆ ಕಂಡಲ್ಲೆಲ್ಲ ಅದನ್ನು ಬಿಚ್ಚುವುದು, ಮತ್ತೆ ಹಿಮ ಬಂದರೆ ಹಾಕುವುದು. ಬಿಸಿಲಿಗೆ ಕಾದ ಬಂಡೆಯೊಂದರ ಪಕ್ಕದಲ್ಲಿ ಹಿಮದ ಅಡಿ ಟೊಳ್ಳಾಗಿದ್ದುದು ತಿಳಿಯದೆ ತೊಡೆಯವರೆಗೆ ಹುಗಿದೆ. ಬೂಟಿನೊಳಗೆ ಸೇರಿದ ಹಿಮ ನೀರಾಗಿ, ಕಾಲುಚೀಲ ಹಿಂಡುವಂತಾಯಿತು. ಅಲ್ಲಿಂದ ಮುಂದೆ ಗಂಬೂಟು ನನ್ನದಾಯಿತು, ಮತ್ತು ಶಿಬಿರ ಮುಟ್ಟುವವರೆಗೆ ಹೊರಗಿನ ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನದು ಹೊರಗೆ ಹೋಗಲಿಲ್ಲವೆಂಬುದೂ ನಿಜ: ಬೆವರಿನಿಂದಲೇ ಉಣ್ಣೆಯ ಕಾಲುಚೀಲ ಒದ್ದೆಯಾಗಿ, ನಿಂತ ಕೂಡಲೇ ಬೆರಳುಗಳು ಮರಗಟ್ಟುತ್ತಿದ್ದವು. ಕಣಕಾಲಿಗೆ ಆಧಾರವಿಲ್ಲದ್ದರಿಂದ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾದುದನ್ನು ಉಡುಪಿಗೆ ಮರಳಿ ತಿಂಗಳಾದರೂ ಮರೆಯುವಂತಿರಲಿಲ್ಲ.

ಸಹಚಾರಣಿಗರೊಬ್ಬರಿಂದ ಕೊನೆಯ ದಿನ ಎರವಲು ಪಡೆದ ಗೇಟರ್, ಅಂದರೆ ಬೂಟಿನ ಬಾಯಿಯನ್ನು ಮುಚ್ಚುವ ಬಟ್ಟೆಯ ಕವಚ, ಈ ಜಗಳವನ್ನು ಬಹುಮಟ್ಟಿಗೆ ಮುಗಿಸಿತು. ಜಾರುವುದನ್ನು ಅದು ತಡೆಯದು, ಆದರೆ ಹಿಮ ಒಳಗೆ ಸೇರುವುದನ್ನು ತಡೆಯುತ್ತದೆ, ಕಾಲನ್ನೂ ಬೇಯಿಸುವುದಿಲ್ಲ. ಬೆಳಿಗ್ಗೆ ಸ್ಪೈಕ್ಸ್, ಬಿಸಿಲೇರಿದ ಮೇಲೆ ಅದನ್ನು ಚೀಲಕ್ಕೆ ಸೇರಿಸಿ ಬರಿಯ ಬೂಟು, ದಿನವಿಡೀ ಗೇಟರ್ ಎಂಬುದು ನನ್ನ ಆಯ್ಕೆ. ರಾತ್ರಿ ಮೋಡ ಕವಿದು ಹಿಮ ಗಟ್ಟಿಯಾಗದಿದ್ದರೆ ಮುಂಜಾನೆಯೂ ಸ್ಪೈಕ್ಸಿನಿಂದ ಹೆಚ್ಚಿನ ಉಪಯೋಗವಿಲ್ಲ. ಆದುದರಿಂದ ಮಲಗುವ ಮುನ್ನ ಗುಡಾರದಿಂದ ತಲೆ ಹೊರಹಾಕಿ ನಕ್ಷತ್ರಗಳಿವೆಯೇ ಎಂದು ನೋಡುವುದನ್ನು ನಾನು ರೂಢಿಸಿಕೊಂಡೆ. ಗಂಬೂಟು ಈಗ ಭಾವನ ಅಡಿಕೆ ತೋಟದಲ್ಲಿದೆ, ಅಲ್ಲಿ ಅದರ ಬಗ್ಗೆ ಯಾರಿಗೂ ತಕರಾರಿಲ್ಲ.