ಪುಣೆಯಾಗ ಪಾರ್ಲರ್ ಕೋರ್ಸಿಗೆ ರೊಕ್ಕ ಕಟ್ಟೂಕಿಂತ ಮೊದಲ ಇದನ್ನ ಓದ್ರಿ

ನಮಸ್ಕಾರ್ರಿ ಎಲ್ಲಾರಿಗೂ. ನಾವು ಇಂಡಿ ತಾಲೂಕಿನವ್ರು, ಅಪ್ಪ ಪುಣೆಯ ಭೋಸರಿ ಎಂಐಡಿಸಿಯಾಗ, ಅಂದ್ರ ಕಾರ್ಖಾನಿ ಏರಿಯಾದಾಗ, ಕೆಲಸಕ್ಕ ಬಂದು ಇಪ್ಪತ್ತು ವರ್ಷದ ಮ್ಯಾಲಾತು, ನಾ ಇಲ್ಲೇ ಬೆಳದಾಕಿ. ನಮ್ಮ ಮಂದಿಯಾಗ ಹನ್ನೆರಡನೇದು ಮುಗಿಸಿದ ಹುಡುಗ್ಯಾರು ಭಾಳ ಜನ ಪಾರ್ಲರ್ ಕೋರ್ಸ್ ಮಾಡ್ತೀನಿ ಅಂತಾರ. ಹೋದ ವಾರ ನಮ್ಮ ಚಾಳಿನ ಹುಡುಗಿ ಒಬ್ಬಾಕಿ, ನಾ ಕಲ್ತ ಕ್ಲಾಸಿಂದೇ ಕಾಗದ ಹಿಡಕೊಂಡು ಬಂದು "ಅಕ್ಕಾ, ಇವತ್ತ ಕಟ್ಟಿದ್ರ ಡಿಸ್ಕೌಂಟ್ ಅಂತ, ಅಪ್ಪಗ ಹೇಳಲ್ಯಾ?" ಅಂತ ಕೇಳಿದ್ಲು. ಎದಿ ಧಸಕ್ ಅಂತು ನೋಡ್ರಿ. ನಮ್ಮ ಮನಿಯಾಗ ಆಗಿದ್ದು ಅವರ ಮನಿಯಾಗ ಆಗಬಾರದು, ಅದಕ್ಕ ಕುಂತು ಬರಿಲಾಕತ್ತೀನಿ. ಕ್ಲಾಸಿನ ಹೆಸರು ಹಾಕಂಗಿಲ್ಲ.

2023ರ ಜೂನ್ ತಿಂಗಳು. ನಾ ಮತ್ತ ಅವ್ವ ಇಬ್ಬರೇ ಹೋಗಿದ್ವಿ, ಬರೇ ಕೇಳಕೊಂಡು ಬರೋಣ ಅಂತ. ಒಳಗ ಎಸಿ, ಗ್ವಾಡಿ ತುಂಬ ಮದುಮಗಳ ಫೋಟೋ, ಕೌನ್ಸೆಲರ್ ಮ್ಯಾಡಮ್ ಚಹಾ ತರಿಸಿ ಕುಂದ್ರಿಸಿದ್ಲು. ಬ್ಯಾಚಿಗೆ 15 ಮಂದಿ ಅಷ್ಟ, ಎರಡು ಸೀಟ್ ಉಳದಾವ, ಆರು ತಿಂಗಳು, 600 ತಾಸು ಟ್ರೇನಿಂಗ್, ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್, ನೂರಕ್ಕ ನೂರು ಪ್ಲೇಸ್‌ಮೆಂಟ್. ನಾ ಐಟಿಐದಾಗೂ ಈ ಕೋರ್ಸ್ ಇರ್ತದಂತಲ್ಲ ಅಂತ ಕೇಳಿದ್ದಕ್ಕ, ಅದು ಫಿಟ್ಟರ್ ವೆಲ್ಡರ್ ಹುಡುಗೂರ ಜಾಗಾ, ನಿನ್ನಂಥಾಕಿಗೆ ಅಲ್ಲ ಅಂದ್ಲು. ಅದು ಸುಳ್ಳು. ಐಟಿಐದಾಗ ಕಾಸ್ಮೆಟಾಲಜಿ ಅಂತ ಒಂದು ವರ್ಷದ ಟ್ರೇಡ್ ಐತಿ, ಹತ್ತನೇ ಪಾಸ್ ಆಗಿದ್ರ ಸಾಕು, ಮಹಾರಾಷ್ಟ್ರದಾಗ ಡಿವಿಇಟಿ ಅಂತ ಸರ್ಕಾರಿ ವೃತ್ತಿ ಶಿಕ್ಷಣ ಇಲಾಖಾದ ವೆಬ್‌ಸೈಟಿನ್ಯಾಗ ಅಡ್ಮಿಷನ್ ಆಗ್ತದ, ಸರ್ಕಾರಿ ಐಟಿಐ ಫೀ ಇವರ ಫೀ ಮುಂದ ಏನೂ ಅಲ್ಲ. ಇದು ನನಗ ಗೊತ್ತಾಗಿದ್ದು ಒಂದು ವರ್ಷ ಆದ ಮ್ಯಾಲೆ.

ಅವತ್ತ ನಮ್ಮ ಕೈಯಾಗ ಅಷ್ಟ ರೊಕ್ಕ ಇರಲಿಲ್ಲ. ಚಿಂತಿ ಬ್ಯಾಡ, ಕಂತಿನ್ಯಾಗ ಕಟ್ಟಬಹುದು ಅಂದ್ರು, ನಾವು ಕ್ಲಾಸಿಗೆ ಕಂತು ಕಟ್ಟೂದು ಅಂತ ತಿಳಕೊಂಡ್ವಿ. ನನಗ ಗಳಿಕಿ ಇಲ್ಲ, ಅದಕ್ಕ ಅಪ್ಪನ ಆಧಾರ್, ಪ್ಯಾನ್ ನಂಬರ್ ತಗೊಂಡ್ರು. ಅಪ್ಪ ಡ್ಯೂಟಿಯಾಗ ಇದ್ದ. ಅವ್ವ ಫೋನ್ ಹಚ್ಚಿದ್ಲು, ಅಪ್ಪ ಮಷಿನ್ ಮುಂದ ನಿಂತು, ಆ ಗದ್ದಲದಾಗ ಒಂದೊಂದೇ ಅಂಕಿ ಜೋರಾಗಿ ಒದರಿ ಮೂರು ಸಲ ಓಟಿಪಿ ಹೇಳಿದ. ಸಂಜಿಕ ಮನಿಗೆ ಬಂದ ಮ್ಯಾಲೆ ಒಂದು ಲಿಂಕ್ ಕಳಿಸಿ ಅಪ್ಪನ ಸೆಲ್ಫಿ ತಗಿಸಿದ್ರು. ಅದು ಸಾಲ, ಫೈನಾನ್ಸ್ ಕಂಪನಿ ಸಾಲ, ಅಪ್ಪನ ಹೆಸರಿಲೆ ಅಂತ ನಮಗ ತಿಳದಿದ್ದು ಮುಂದಿನ ತಿಂಗಳು 5ನೇ ತಾರೀಖಿಗೆ ಬ್ಯಾಂಕಿನಿಂದ 7,500 ಕಟ್ ಆದಾಗ. ಸಾಲದ ಪೂರ್ತಿ ವಿವರ ಬರದ ಒಂದು ಕಾಗದ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತಾರ, ಅಪ್ಪನ ಫೋನಿಗೆ ಬಂದಿತ್ತು, ಎಲ್ಲಾ ಇಂಗ್ಲಿಷಿನ್ಯಾಗ. ಇಂಥ ಆನ್‌ಲೈನ್ ಸಾಲ ತಗೊಂಡ ಮ್ಯಾಲೆ ಶುರುವಿನ್ಯಾಗ ಸ್ವಲ್ಪ ದಿನ ಕೂಲಿಂಗ್ ಆಫ್ ಅಂತ ಇರ್ತದ, ಅಷ್ಟರಾಗ ಅಸಲು ಮತ್ತ ಆ ದಿನಗಳ ಬಡ್ಡಿ ಕೊಟ್ಟು ಹೊರಗ ಬರಬಹುದು, ಆರ್‌ಬಿಐ ನಿಯಮ ಅದು. ಯಾರೂ ಹೇಳಲಿಲ್ಲ, ನಾವೂ ತಗದು ನೋಡಲಿಲ್ಲ.

ಈಗ ಲೆಕ್ಕ ಹೇಳ್ತೀನಿ. ಬೋರ್ಡಿನ ಮ್ಯಾಲೆ ದೊಡ್ಡ ಅಕ್ಷರದಾಗ 45,000 ಅಂತ ಇತ್ತು. ಅದು ಬರೇ ಸ್ಕಿನ್ನಿಂದು, ಹೇರ್ ಮತ್ತ ಮೇಕಪ್ ಸೇರಿಸಿದ್ರ 85,000, ಬರೇ ಸ್ಕಿನ್ ಕಲ್ತಾಕಿಗೆ ಯಾರೂ ಕೆಲಸ ಕೊಡಂಗಿಲ್ಲ ಅಂತ ಅವರೇ ಹೇಳಿದ್ರು. ಅದರ ಮ್ಯಾಲೆ ಜಿಎಸ್‌ಟಿ ಶೇಕಡಾ 18 ಅಂದ್ರ 15,300. ಒಟ್ಟು 1,00,300. ಅದರಾಗ 10,300 ಕೈಯಾಗ ಕೊಟ್ವಿ, 90,000 ಸಾಲ, 12 ಕಂತು. ಬಡ್ಡಿ ಇಲ್ಲ ಅಂದ್ರೂ ಪ್ರೊಸೆಸಿಂಗ್ ಫೀ 1,800 ಬ್ಯಾರೆ. ಕ್ಲಾಸ್ ಶುರುವಾದ ದಿನ ಕಿಟ್ ತಗೋಬೇಕು, ಹೊರಗಿಂದ ತಂದ್ರ ನಡಿಯಂಗಿಲ್ಲ ಅಂತ 14,000 ತಗೊಂಡ್ರು, ಅಂಥದೇ ಬ್ರಷ್, ಅಂಥದೇ ಪ್ಯಾಲೆಟ್ ಆಮ್ಯಾಲೆ ನಾ ರವಿವಾರ ಪೇಠದಾಗ ಕೇಳಿದ್ರ ಎಲ್ಲಾ ಸೇರಿ 5,000ದ ಒಳಗ ಬರ್ತಿತ್ತು. ಮೂರನೇ ತಿಂಗಳಿಗೆ ಪರೀಕ್ಷಾ ಫೀ 6,500. ನಾಲ್ಕನೇದಕ್ಕ ಪೋರ್ಟ್‌ಫೋಲಿಯೋ ಶೂಟ್ ಅಂತ 8,000. ಕೂಡಿಸಿದ್ರ 1,30,600 ಆತು, ಬಸ್ ಖರ್ಚು ಬಿಟ್ಟು. ಅಪ್ಪನ ಪಗಾರ ಆಗ 22,000 ಇತ್ತು. ಅವ್ವ ಭಿಶಿ, ಅಂದ್ರ ಚೀಟಿ, ಮುರದು ಕಿಟ್ ರೊಕ್ಕ ಕೊಟ್ಲು. ಆ ವರ್ಷ ಹೊಟ್ಟಿ ಬಟ್ಟಿ ಕಟ್ಟಿ ಕಂತು ಕಟ್ಟೇವಿ, ಒಂದು ತಿಂಗಳು ಅಪ್ಪನ ಓವರ್‌ಟೈಮ್ ಬರಲಿಲ್ಲ, ಕಂತು ಬೌನ್ಸ್ ಆತು, ಬ್ಯಾಂಕಿನವ್ರು 590 ಕಟ್ ಮಾಡಿದ್ರು, ಫೈನಾನ್ಸಿನವ್ರ ದಂಡ ಮತ್ತ ಬ್ಯಾರೆ.

ರಸೀದಿ ಮಾತೂ ಹೇಳಬೇಕು. ಅದರ ಮ್ಯಾಲೆ ಜಿಎಸ್‌ಟಿ ಅಂತ ರೊಕ್ಕ ಇತ್ತು, ನಂಬರ್ ಇರಲಿಲ್ಲ. ನಮ್ಮ ಕಾಕಾನ ಮಗ ಅಕೌಂಟ್ಸಿನ್ಯಾಗ ಅದಾನ, ಅಂವ ನೋಡಿ ಹೇಳಿದ, ಜಿಎಸ್‌ಟಿ ತಗೋಳವ್ರು ರಸೀದಿ ಮ್ಯಾಲೆ 15 ಅಕ್ಷರದ ನಂಬರ್ ಹಾಕಬೇಕು, ಅದನ್ನ ಜಿಎಸ್‌ಟಿ ಪೋರ್ಟಲಿನ್ಯಾಗ ಯಾರ ಬೇಕಾದ್ರೂ ಪುಕ್ಕಟೆ ಚೆಕ್ ಮಾಡಬಹುದು ಅಂತ. ಆ 15,300 ಎಲ್ಲಿ ಹೋತು ಅಂತ ಇವತ್ತಿಗೂ ಯಾರೂ ನನಗ ಹೇಳಿಲ್ಲ.

ಕ್ಲಾಸಿಗೆ ಹೋದ ಮೊದಲ ದಿನ ಎಣಿಸಿದೆ, 15 ಅಲ್ಲ, 34 ಮಂದಿ. ಎರಡು ಖೋಲಿ, ಐದು ಕುರ್ಚಿ, ಒಂದು ಸ್ಟೀಮರ್. ವಾರಕ್ಕ ಮೂರು ದಿನ, ದಿನಕ್ಕ ಎರಡು ತಾಸು. ನೀವೇ ಗುಣಿಸಿ ನೋಡ್ರಿ, ಆರು ತಿಂಗಳು ಅಂದ್ರ 26 ವಾರ, ಒಂದೂ ರಜಾ ಇಲ್ಲದ ನಡದ್ರೂ 156 ತಾಸು. 600 ಎಲ್ಲಿಂದ ಬಂತು? ಸಿಡೆಸ್ಕೋ ಅಂತ ಸ್ವಿಟ್ಜರ್ಲೆಂಡಿನ ಸಂಸ್ಥಾ ಐತಿ, 1946ರಾಗ ಶುರುವಾಗಿದ್ದು, ಅದರ ಬ್ಯೂಟಿ ಥೆರಪಿ ಡಿಪ್ಲೋಮಾಕ್ಕ 1,200 ತಾಸು ಟ್ರೇನಿಂಗ್ ಬೇಕಂತ. ಇಂಟರ್‌ನ್ಯಾಷನಲ್ ಅಂತ ಯಾರಾದ್ರೂ ಅಂದ್ರ ಯಾವ ಸಂಸ್ಥಾ, ಆ ಸಂಸ್ಥಾದ ಸೈಟಿನ್ಯಾಗ ನಿಮ್ಮ ಕ್ಲಾಸಿನ ಹೆಸರು ತೋರಿಸ್ರಿ ಅಂತ ಅಲ್ಲೇ ಫೋನ್ ತಗದು ಕೇಳ್ರಿ. ನಮಗ ಕೊನಿಗೆ ಕೊಟ್ಟಿದ್ದು ಅವರೇ ಪ್ರಿಂಟ್ ಹಾಕಿ ಲ್ಯಾಮಿನೇಷನ್ ಮಾಡಿದ ಕಾಗದ.

ಹೇರ್ ಕಟ್ ಕಲ್ತಿದ್ದು ಹೇಳ್ತೀನಿ ಕೇಳ್ರಿ. ಕೂದಲಾ ಕತ್ತರಿಸಿ ಕಲಿಲಾಕ ಡಮ್ಮಿ ತಲಿ ಇರ್ತಾವ, ಸ್ಟ್ಯಾಂಡಿಗೆ ಸಿಗಿಸೂವು. 34 ಮಂದಿಗೆ ನಾಲ್ಕು ತಲಿ ಇದ್ವು. ಹಿಂದಿನ ಬ್ಯಾಚಿನವ್ರು ಯು ಕಟ್, ಸ್ಟೆಪ್ ಕಟ್ ಎಲ್ಲಾ ಮಾಡಿ ಮುಗಿಸಿದ್ರು, ನಮ್ಮ ಪಾಳಿ ಬರೂದ್ರಾಗ ಕೂದಲಾ ಕಿವಿ ಮ್ಯಾಲೆ ಬಂದಿದ್ವು, ಒಂದರ ನೆತ್ತಿ ಮ್ಯಾಲೆ ರಬ್ಬರ್ ಕಾಣ್ತಿತ್ತು. ಮ್ಯಾಡಮ್ ಹಣಗಿ ಹಿಡದು, ಇಲ್ಲಿ ತನಕ ಕೂದಲಾ ಐತಿ ಅಂತ ತಿಳಕೊಳ್ರಿ, ಹಿಂಗ ಎತ್ತಬೇಕು, ಹಿಂಗ ಕತ್ತರಿಸಬೇಕು ಅಂತ ಗಾಳಿಯಾಗ ತೋರಿಸಿದ್ಲು. ನಾವು ವಹಿಯಾಗ ಬರಕೊಂಡ್ವಿ. ಲೇಯರ್ ಕಟ್ ನಾನು ಒಂದು ಕೂದಲಾ ಕತ್ತರಿಸದ ಕಲ್ತೇನಿ ಅಂತ ಅವರ ರಿಜಿಸ್ಟರಿನ್ಯಾಗ ಸಹಿ ಐತಿ. ವ್ಯಾಕ್ಸ್ ಒಬ್ಬರಿಗೊಬ್ಬರು ಮಾಡ್ರಿ ಅಂದ್ರು, ಮೊದಲ ತಮ್ಮ ಮಣಿಕಟ್ಟಿನ ಮ್ಯಾಲೆ ಒಂದು ಹನಿ ಹಚ್ಚಿ ಬಿಸಿ ನೋಡಬೇಕು ಅಂತ ಯಾರೂ ಹೇಳಿರಲಿಲ್ಲ. ಲಾತೂರಿಂದ ಬಂದ ಹುಡುಗಿ ಕೈ ಮ್ಯಾಲೆ ನಾನೇ ಹಚ್ಚಿದ್ದು, ಚರ್ಮ ಎದ್ದು ಬಂತು, ಗಾಯದ ಕಲಿ ಇನ್ನೂ ಹೋಗಿಲ್ಲ. ಅಕಿಗೆ ಎಷ್ಟು ಸಲ ತಪ್ಪಾತು ಅಂದ್ರೂ ನನಗ ಸಮಾಧಾನ ಇಲ್ಲ.

ಎರಡನೇ ತಿಂಗಳಿಂದ ಹುಡುಗ್ಯಾರು ಬಿಡಲಾಕ ಶುರು ಮಾಡಿದ್ರು. ಒಬ್ಬಾಕಿದು ಮದುವಿ ನಿಕ್ಕಿ ಆತು, ಒಬ್ಬಾಕಿ ಮನಿಯಾಗ ರೊಕ್ಕದ ಜಗಳ, ಭಾಳ ಮಂದಿ ಇಲ್ಲಿ ಏನೂ ಕಲಸೂದಿಲ್ಲ ಅಂತಲೇ ಬಿಟ್ರು. ಕೊನಿಗೆ ಉಳದವ್ರು 11. ಇಷ್ಟು ಮಂದಿ ಬಿಟ್ರೂ ಕ್ಲಾಸಿನವ್ರು ಒಂದು ಫೋನ್ ಮಾಡಿ ಯಾಕ ಬಿಟ್ಟಿ ಅಂತ ಕೇಳಲಿಲ್ಲ. ಮೊದಲ ನನಗ ಇದು ತಿಳಿಲಿಲ್ಲ, ಆಮ್ಯಾಲೆ ತಿಳೀತು. ಫೈನಾನ್ಸ್ ಕಂಪನಿ ಮೊದಲ ತಿಂಗಳೇ ಪೂರ್ತಿ ರೊಕ್ಕ ಕ್ಲಾಸಿಗೆ ಕೊಟ್ಟುಬಿಡ್ತದ. ಹುಡುಗಿ ಬಿಟ್ಟು ಹೋದ್ರೂ ಕಂತು ಅವರ ಅಪ್ಪ ಕಟ್ಟಲೇಬೇಕು, ಕ್ಲಾಸಿಗೆ ಮಾತ್ರ ಅಕಿ ಹೆಸರಿನ ಕ್ರೀಮು, ವ್ಯಾಕ್ಸು, ಕುರ್ಚಿ ಎಲ್ಲಾ ಉಳೀತು. ಹುಡುಗ್ಯಾರು ಬಿಟ್ಟಷ್ಟೂ ಅವರಿಗೆ ಲಾಭ. ಅದಕ್ಕ ಸೇರಿಸಿಕೊಳ್ಳೂದ್ರಾಗ ಇದ್ದ ಹುರುಪು ಕಲಸೂದ್ರಾಗ ಇರಂಗಿಲ್ಲ.

ಪ್ಲೇಸ್‌ಮೆಂಟ್ ಅಂದ್ರ ವಾಟ್ಸಾಪಿನ್ಯಾಗ ಮೂರು ಸಲೂನ್ ವಿಳಾಸ ಕಳಿಸಿದ್ರು, ಅಷ್ಟ. ನಾ ವಾಕಡದ್ದಕ್ಕ ಹೋದೆ. ಅಲ್ಲಿಯ ಮ್ಯಾನೇಜರ್ ಬಾಯಿ ಒಳ್ಳೆಯಾಕಿ, ಕುಂದ್ರಿಸಿ ಕೇಳಿದ್ಲು, ಗಿರಾಕಿ ಮೊದಲ ಸಲ ಕಲರ್ ಮಾಡಿಸ್ಕೋತಾಳ, ಏನ ಮಾಡ್ತಿ? ನಾ ಶಾಂಪೂ ಹಾಕಿ, ಸೆಕ್ಷನ್ ಮಾಡಿ ಹಚ್ತೀನಿ ಅಂದೆ. ಪ್ಯಾಚ್ ಟೆಸ್ಟ್? ಅಂದ್ಲು. ಆ ಶಬ್ದ ನಾ ಅವತ್ತೇ ಮೊದಲ ಸಲ ಕೇಳಿದ್ದು. ಭಾಳಷ್ಟು ಹೇರ್ ಕಲರಿನ್ಯಾಗ ಪಿಪಿಡಿ ಅಂತ ಕೆಮಿಕಲ್ ಇರ್ತದ, ಕೆಲವರಿಗೆ ಅದರಿಂದ ಮುಖ ಬಾತು ಕಣ್ಣು ಮುಚ್ಚೂವಷ್ಟು ಅಲರ್ಜಿ ಆಗ್ತದ, ಅದಕ್ಕ ಎರಡು ದಿನ ಮೊದಲ ಕಿವಿ ಹಿಂದ ಒಂದು ಚೂರು ಹಚ್ಚಿ ನೋಡಬೇಕು. ಇಷ್ಟನ್ನ 1,30,600 ತಗೊಂಡವ್ರು ಹೇಳಿಕೊಟ್ಟಿರಲಿಲ್ಲ. ಹೆಲ್ಪರ್ ಅಂತ ತಗೋತೀನಿ, 8,000 ಪಗಾರ, ತಲಿ ತೊಳಿಯೂದು, ಕೂದಲಾ ಉಡುಗೂದು, ಅದಕ್ಕ ಸರ್ಟಿಫಿಕೇಟ್ ಏನೂ ಬೇಕಿಲ್ಲ ತಂಗಿ ಅಂದ್ಲು. ಕಂತೇ 7,500, ವಾಕಡಕ್ಕ ಹೋಗಿ ಬರೂ ಖರ್ಚು ಬ್ಯಾರೆ. ನಾ ಸೇರಲಿಲ್ಲ. ಆದ್ರ ಮುಂದಿನ ಬ್ಯಾಚಿನ ಪೋಸ್ಟರಿನ್ಯಾಗ ನನ್ನ ಫೋಟೋ ಇತ್ತು, ಕೆಳಗ ಆ ಸಲೂನಿನ ಹೆಸರು ಹಾಕಿ "ಪ್ಲೇಸ್ಡ್" ಅಂತ ಬರದಿದ್ರು. ತಗಸಲಾಕ ಎರಡು ತಿಂಗಳು ಅಡ್ಡಾಡಿದೆ. ಉಳದ 11 ಮಂದಿಯಾಗ ನನಗ ಗೊತ್ತಿದ್ದಷ್ಟು ಇಬ್ಬರೇ ಸಲೂನಿನ್ಯಾಗ ಅದಾರ, ಇಬ್ಬರೂ ಮೊದಲೇ ಮನಿಯಾಗ ಕಲ್ತವ್ರು.

ಪರೀಕ್ಷಾನೂ ಆಗಲಿಲ್ಲ, ಶೂಟೂ ಆಗಲಿಲ್ಲ, ರೊಕ್ಕ ವಾಪಸ್ ಕೇಳಿದ್ರ ಫಾರಂ ತೋರಿಸಿದ್ರು, ಸಣ್ಣ ಅಕ್ಷರದಾಗ ಯಾವ ಕಾರಣಕ್ಕೂ ಫೀ ವಾಪಸ್ ಇಲ್ಲ ಅಂತ, ಕೆಳಗ ನನ್ನ ಸಹಿ. ಆಮ್ಯಾಲೆ ನಾ ಗ್ರಾಹಕರ ಹೆಲ್ಪ್‌ಲೈನ್ 1915ಕ್ಕ ಫೋನ್ ಮಾಡಿದೆ, ಕನ್ನಡದಾಗೂ ಮಾತಾಡ್ತಾರ, ರಸೀದಿ, ಪೋಸ್ಟರ್ ಫೋಟೋ ಎಲ್ಲಾ ಹಾಕಿ ಕಂಪ್ಲೇಂಟ್ ಮಾಡಿದ ಮ್ಯಾಲೆ ಪರೀಕ್ಷಾ ಮತ್ತ ಶೂಟಿನ 14,500 ವಾಪಸ್ ಬಂತು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದಿತ್ತು, 5 ಲಕ್ಷದ ತನಕ ಕೇಸಿಗೆ ಫೀ ಇಲ್ಲ, ವಕೀಲರೂ ಬೇಕಂತಿಲ್ಲ, ಆದ್ರ ಅಪ್ಪ ಕೋರ್ಟು ಕಚೇರಿ ಬ್ಯಾಡವ್ವ ಅಂದ. ಕಂತು ಮಾತ್ರ ಹನ್ನೆರಡೂ ಕಟ್ಟೇವಿ. ಕಂತು ಬಿಟ್ರ ಅಪ್ಪನ ಸಿಬಿಲ್, ಅಂದ್ರ ಸಾಲ ಸರಿಯಾಗಿ ಕಟ್ಟಿದ್ದರ ಸ್ಕೋರ್, ಕೆಡ್ತದ, ನಾಳೆ ಊರಾಗ ಮನಿ ಕಟ್ಟಲಾಕ ಸಾಲ ಸಿಗಂಗಿಲ್ಲ.

ಕಡೀಕ ನಾ ಕಲ್ತಿದ್ದು ದಿಘಿಯಾಗ ಬಾಗಲಕೋಟಿ ಕಡೆಯ ಅಕ್ಕ ಒಬ್ಬರ ಸಣ್ಣ ಪಾರ್ಲರಿನ್ಯಾಗ. ಮೂರು ತಿಂಗಳು ಪಗಾರ ಇಲ್ಲ ಅಂತ ಮೊದಲೇ ಬಾಯಿ ಬಿಟ್ಟು ಹೇಳಿದ್ರು. ಮೊದಲ ದಿನ, "ದಾರಾ ಹೆಂಗ ಹಿಡಿತಿ ತೋರ್ಸು ತಂಗಿ" ಅಂದ್ರು. ನಾ ಹಲ್ಲಾಗ ಒಂದು ತುದಿ ಕಚ್ಚಿ ಅಕ್ಕನ ಹುಬ್ಬಿಗೆ ಹಚ್ಚಿದೆ, ಚುರ್ ಅಂದು ರಕ್ತದ ಹನಿ ಬಂತು. ಅಕ್ಕ ಸಿಟ್ಟು ಮಾಡಲಿಲ್ಲ. ತಮ್ಮ ಎರಡು ಬೆರಳಿಂದ ಹುಬ್ಬಿನ ಮ್ಯಾಲಿಂದು ಕೆಳಗಿಂದು ಚರ್ಮ ಬಿಗಿ ಹಿಡದು ತೋರಿಸಿದ್ರು, ಗಿರಾಕಿ ಕೈಲೇ ಹಿಂಗ ಹಿಡಸಬೇಕು, ಚರ್ಮ ಸಡಿಲ ಇದ್ರ ದಾರಾ ಕೂದಲಾ ಬಿಟ್ಟು ಚರ್ಮ ಹಿಡಿತದ ಅಂದ್ರು. ಆರು ತಿಂಗಳಾಗ ಇಷ್ಟು ಯಾರೂ ಹತ್ತಿರ ಬಂದು ತೋರಿಸಿರಲಿಲ್ರಿ. ಈಗ ನನಗ ಅಲ್ಲೇ 13,000 ಪಗಾರ ಐತಿ, ಮದುವಿ ಸೀಸನ್ಯಾಗ ಮ್ಯಾಲೆ ಸಿಗ್ತದ.

ಕ್ಲಾಸಿಗೇ ಸೇರೂದಿದ್ರ, ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳಬ್ಯಾಡ್ರಿ, ಹೋದ ಬ್ಯಾಚಿನ್ಯಾಗ ಸೇರಿದವ್ರು ಎಷ್ಟು, ಮುಗಿಸಿದವ್ರು ಎಷ್ಟು ಅಂತ ಕೇಳ್ರಿ. ಮುಗಿಸಿದ ಮೂರು ಹುಡುಗ್ಯಾರ ನಂಬರ್ ಕೇಳ್ರಿ, ಕೊಡಲಿಲ್ಲಂದ್ರ ಎದ್ದು ಬರ್ರಿ. ಕ್ಲಾಸ್ ನಡೆಯೂ ಹೊತ್ತಿನ್ಯಾಗ ಹೋಗಿ ಒಂದು ತಾಸು ಕುಂತು ನೋಡ್ರಿ, ಕುರ್ಚಿ ಎಣಿಸ್ರಿ, ಡಮ್ಮಿ ತಲಿಯ ಕೂದಲಾ ಎಷ್ಟುದ್ದ ಐತಿ ನೋಡ್ರಿ. ಕಿಟ್ಟು, ಪರೀಕ್ಷಾ, ಶೂಟು ಎಲ್ಲಾ ಸೇರಿ ಒಟ್ಟು ಎಷ್ಟಂತ ಒಂದೇ ಕಾಗದದಾಗ ಬರಸಿಕೊಳ್ರಿ. ಅಪ್ಪ ಅವ್ವನ ಫೋನಿಗೆ ಬಂದ ಓಟಿಪಿ, ಅದರ ಮೆಸೇಜ್ ಪೂರ್ತಿ ಓದದ ಯಾರಿಗೂ ಹೇಳಬ್ಯಾಡ್ರಿ. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನಾ ಅಂತ 2015ರಿಂದ ಐತಿ, ಅದರಾಗ ಬ್ಯೂಟಿದೂ ಸಣ್ಣ ಕೋರ್ಸ್ ಇರ್ತಾವ, ಫೀ ಇಲ್ಲ, ಹತ್ತಿರದಾಗ ಸೆಂಟರ್ ನಡದೈತೇನು ಮೊದಲ ಹುಡುಕ್ರಿ. ಔಂಧ ಐಟಿಐಗೂ ಒಂದು ಸಲ ಹೋಗಿ ವಿಚಾರಿಸ್ರಿ.

ಚಾಳಿನ ಆ ಹುಡುಗಿ ಇನ್ನೂ ಕಟ್ಟಿಲ್ಲ, ಈ ರವಿವಾರ ಅವರ ಅಪ್ಪನ ಜೋಡಿ ಕುಂತು ಆ ಫಾರಂ ಪೂರ್ತಿ ಓದಿ ಹೇಳ್ತೀನಿ ಅಂದೇನಿ. ಭೋಸರಿ, ದಿಘಿ, ಚಿಂಚವಾಡ ಕಡೆ ಮತ್ತ ಯಾರಾದ್ರೂ ಸೇರೂ ವಿಚಾರ ಮಾಡಿದ್ರ ಫಾರಮ್ಮಿನ ಫೋಟೋ ಕಳಸ್ರಿ, ಪಾರ್ಲರ್ ಮುಚ್ಚೂದು ರಾತ್ರಿ ಎಂಟೂವರಿಗೆ, ಆಮ್ಯಾಲೆ ಓದಿ ಉತ್ತರ ಬರಿತೀನಿ.