ಫೆಡ್-ಬ್ಯಾಚಾ, ಪರ್ಫ್ಯೂಷನ್ನಾ? ಎರಡನ್ನೂ ನಡೆಸಿ ನೋಡಿದ ಮೇಲೆ

ಪುಣೆಯ ಹಿಂಜವಡಿಯ ನಮ್ಮ ಲ್ಯಾಬಿನಲ್ಲಿ ಔಷಧವಾಗಿ ಬಳಸುವ ಒಂದೇ ಆಂಟಿಬಾಡಿಯನ್ನು (ಇದೊಂದು ಪ್ರೋಟೀನ್) ಫೆಡ್-ಬ್ಯಾಚ್, ಪರ್ಫ್ಯೂಷನ್ ಎಂಬ ಎರಡು ರೀತಿಯಲ್ಲಿ ತಯಾರಿಸಿ ನೋಡಿದೆವು. ಅದನ್ನು ತಯಾರಿಸಿ ಕೊಡುವ ಕೋಶ ಎರಡರಲ್ಲೂ ಒಂದೇ, ಚೋ (CHO). 1957ರಲ್ಲಿ ಚೈನೀಸ್ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬೇರ್ಪಡಿಸಿದ ಕೋಶಗಳ ಸಂತತಿ ಇದು.

ಫೆಡ್-ಬ್ಯಾಚ್ ಆರಾಮದ ಕೆಲಸ. 5 ಲೀಟರಿನ ಬಯೋರಿಯಾಕ್ಟರಿಗೆ, ಅಂದರೆ ಕೋಶ ಬೆಳೆಸುವ ಪಾತ್ರೆಗೆ, ಕೋಶ ಹಾಕಿ, ಮೂರನೇ ದಿನದಿಂದ ದಿನಾ ಸ್ವಲ್ಪ ಫೀಡ್ (ಪೋಷಕಾಂಶ) ಕೊಡುತ್ತಾ ಹೋದೆವು. ಹದಿನಾಲ್ಕನೇ ದಿನ ಹಾರ್ವೆಸ್ಟ್, ಲೀಟರಿಗೆ ಸುಮಾರು 4 ಗ್ರಾಂ ಆಂಟಿಬಾಡಿ. ಕಷ್ಟವೆಲ್ಲ ಕೊನೆಯ ನಾಲ್ಕು ದಿನದ್ದು. ಕೋಶಗಳೇ ಬಿಡುವ ತ್ಯಾಜ್ಯಗಳಾದ ಲ್ಯಾಕ್ಟೇಟ್, ಅಮೋನಿಯಾ ಜಾಸ್ತಿಯಾಗಿ ಕೋಶ ಸಾಯತೊಡಗುತ್ತವೆ. ಒಡೆದ ಕೋಶಗಳಿಂದ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಹೊರಬರುತ್ತವೆ. ನಮ್ಮ ಔಷಧವೂ ಅದೇ ನೀರಿನಲ್ಲಿ ಇರುತ್ತದಲ್ವಾ?

ಪರ್ಫ್ಯೂಷನ್‌ನಲ್ಲಿ ಹೊಸ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಬರುತ್ತಲೇ ಇರುತ್ತದೆ. ಹಳೆಯದು ಪ್ರೋಟೀನ್ ಹೊತ್ತು ಫಿಲ್ಟರ್ ದಾಟಿ ಹೋಗುತ್ತದೆ, ಕೋಶ ಮಾತ್ರ ಒಳಗೆ ಉಳಿಯುತ್ತವೆ. 2 ಲೀಟರಿನ ಪಾತ್ರೆಗೆ ದಿನಕ್ಕೆ 2 ಲೀಟರ್ ಮೀಡಿಯಾ ಕೊಟ್ಟೆವು. ಮಿಲಿಲೀಟರಿಗೆ 5 ಕೋಟಿ ಕೋಶ ಬೆಳೆದವು. ಫೆಡ್-ಬ್ಯಾಚಿನಲ್ಲಿ 2 ಕೋಟಿ ದಾಟಿರಲಿಲ್ಲ. ಮಿಕ್ಕ ಕೋಶವನ್ನು ದಿನಾ ಹೊರಗೆ ಬಿಡಬೇಕು, ಅದಕ್ಕೆ ಬ್ಲೀಡ್ ಅನ್ನುತ್ತೇವೆ. ಇಷ್ಟು ಸಣ್ಣ ಪಾತ್ರೆಯಿಂದ ದಿನಕ್ಕೆ 2 ಗ್ರಾಂ!

ಹತ್ತೊಂಬತ್ತನೇ ದಿನ, ಊರೆಲ್ಲ ಗಣಪತಿಯ ಡೋಲು. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಬ್ಬಳ್ಳಿಯ ಅಣ್ಣ ಫೋನ್ ಮಾಡಿದರು. "ತಮ್ಮಾ, ಕೋಶ ಚಲೋ ಅದಾವು. ಪ್ರೋಟೀನ್ ಒಳಗ ಏರಾಕತ್ತೈತಿ, ಹೊರಗ ಬರವಲ್ದು." ಪಾತ್ರೆಯಲ್ಲಿ ಇದ್ದದ್ದರ ಅರ್ಧದಷ್ಟೂ ಹೊರಗಿನ ನೀರಿನಲ್ಲಿರಲಿಲ್ಲ. ಫಿಲ್ಟರಿನ ರಂಧ್ರ ಕಟ್ಟಿಕೊಂಡಿತ್ತು. ನೊರೆ ಇಳಿಸಲು ನಾನೇ ಹಾಕಿದ್ದ ಆಂಟಿಫೋಮ್ ಜಾಸ್ತಿಯಾಗಿತ್ತು. ಫಿಲ್ಟರ್ ಬದಲಿಸುವಷ್ಟರಲ್ಲಿ ಬೆಳಗಾಯಿತು.

ಮೀಡಿಯಾದ ಲೆಕ್ಕ ನೋಡಿದರೆ ಫೆಡ್-ಬ್ಯಾಚೇ ಮೇಲು. ಪರ್ಫ್ಯೂಷನ್‌ನಲ್ಲಿ ನಮಗೆ ಲೀಟರ್ ಮೀಡಿಯಾಕ್ಕೆ ಸಿಕ್ಕಿದ್ದು 1 ಗ್ರಾಂ. ಸುಲಭಕ್ಕೆ ಹಾಳಾಗದ ಗಟ್ಟಿ ಆಂಟಿಬಾಡಿಗಾದರೆ ನಾನು ಕಣ್ಣು ಮುಚ್ಚಿ ಫೆಡ್-ಬ್ಯಾಚ್ ಆರಿಸುತ್ತೇನೆ.

ಆದರೆ ಆಮೇಲೆ ಔಷಧವಾಗಿ ತಯಾರಿಸಬೇಕಾದ ಒಂದು ನಾಜೂಕಾದ ಕಿಣ್ವ ನಮ್ಮ ಕೈಗೆ ಬಂತು. ಫೆಡ್-ಬ್ಯಾಚಿನಲ್ಲಿ ಹದಿನಾಲ್ಕನೇ ದಿನಕ್ಕೆ ಅದರ ಹೆಚ್ಚಿನ ಭಾಗ ತುಂಡು ತುಂಡಾಗಿತ್ತು. ಪರ್ಫ್ಯೂಷನ್‌ನಲ್ಲಿ ಅದು ಹುಟ್ಟಿ ಸರಾಸರಿ ಒಂದು ದಿನದಲ್ಲಿ 4 ಡಿಗ್ರಿಯ ತಂಪಿನ ಚೀಲಕ್ಕೆ ಇಳಿಯಿತು, ಇಡಿಯಾಗಿ ಉಳಿಯಿತು. ಈ ಔಷಧಕ್ಕೆ ಕಾಯುವ ರೋಗಿಗೆ ಬೇಕಾದದ್ದು ಆ ಇಡೀ ಕಿಣ್ವವೇ. ಮುಂದಿನ ತಿಂಗಳು ಅದಕ್ಕಾಗಿ ಪರ್ಫ್ಯೂಷನ್ನನ್ನೇ ಮತ್ತೆ ನಡೆಸುತ್ತೇವೆ. ಆಂಟಿಫೋಮನ್ನು ಈ ಸಲ ಹನಿ ಎಣಿಸಿ ಹಾಕುತ್ತೇನೆ.